ಸಂಪು ಸೋರುತ್ತಿದೆಯೇ?

ವಾರಕ್ಕೆ ಸಾಲುತ್ತಿದ್ದ ಟ್ಯಾಂಕರ್ ನೀರು ನಾಲ್ಕೇ ದಿನಕ್ಕೆ ಖಾಲಿಯಾಯಿತೇ? ಮನೆಯವರ ಮೇಲೆ ರೇಗುವ ಮೊದಲು ಸಂಪಿನ ಮುಚ್ಚಳ ತೆಗೆಯಿರಿ. ರಾತ್ರಿ ನಲ್ಲಿ ನೀರಿನ ವಾಲ್ವ್ ಮುಚ್ಚಿ, ಮೋಟಾರ್ ಆರಿಸಿ, ಕೋಲು ಇಳಿಸಿ ಆಳ ಗುರುತು ಮಾಡಿಕೊಳ್ಳಿ. ಬೆಳಿಗ್ಗೆ ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. ಮುಚ್ಚಿದ ಸಂಪಿನಲ್ಲಿ ನೀರು ಆವಿಯಾಗುವುದು ತೀರಾ ಕಡಿಮೆ. ಇಳಿದದ್ದೆಲ್ಲ ಸೋರಿಕೆಯೆಂದೇ ತಿಳಿಯಿರಿ. 2 ಮೀಟರ್ ಉದ್ದ, 2 ಮೀಟರ್ ಅಗಲದ ಸಂಪಿನಲ್ಲಿ 1 ಸೆಂಟಿಮೀಟರ್ ಇಳಿದರೆ 40 ಲೀಟರ್ ಹೋಯಿತು. ಮಟ್ಟ ಕದಲದಿದ್ದರೆ ಸಂಪು ನಿರ್ದೋಷಿ, ಶೌಚಾಲಯದ ಫ್ಲಶ್ ಟ್ಯಾಂಕನ್ನು ಅನುಮಾನಿಸಿ.

ನೀರು ಇಳಿಯುತ್ತಾ ಎಲ್ಲಿ ನಿಲ್ಲುತ್ತದೋ ಬಿರುಕು ಆ ಎತ್ತರದಲ್ಲೇ ಇರುತ್ತದೆ. ಪೈಪು ಗೋಡೆ ತೂರುವ ಕಡೆ, ನೆಲ ಗೋಡೆ ಕೂಡುವ ಮೂಲೆ ಮೊದಲು ನೋಡಿ. ಮೇಲೆ ಬರೀ ಸಿಮೆಂಟ್ ಬಳಿದು ಕೈತೊಳೆದುಕೊಳ್ಳುವ ಮೇಸ್ತ್ರಿಯನ್ನು ನಂಬಬೇಡಿ. ಬಿರುಕನ್ನು ಉಳಿಯಿಂದ ಅಗಲಿಸಿ, ಧೂಳು ತೊಳೆದು, ವಾಟರ್‌ಪ್ರೂಫಿಂಗ್ ದ್ರಾವಣ ಬೆರೆಸಿದ ಗಾರೆಯನ್ನು ಒತ್ತಿ ತುಂಬಿಸಬೇಕು, ವಾರದವರೆಗೆ ಒದ್ದೆಯಾಗಿಡಬೇಕು.

ನೀರು ಹೊರಹೋಗುವ ದಾರಿಯಲ್ಲೇ ಕೊಳಚೆಯೂ ಒಳಬರಬಹುದು. ಪಕ್ಕದಲ್ಲಿ ಒಳಚರಂಡಿ ಇದ್ದರೆ ತಡಮಾಡಬೇಡಿ. ದುರಸ್ತಿಗೆ ಸಂಪಿನೊಳಗೆ ಇಳಿಯುವ ಮುನ್ನ ಮೋಟಾರಿನ ಕರೆಂಟನ್ನು ಮೇನ್‌ನಲ್ಲೇ ತೆಗೆಯಿರಿ, ಮುಚ್ಚಳ ತೆರೆದು ಗಾಳಿಯಾಡಲು ಬಿಡಿ, ಮೇಲೊಬ್ಬರು ನಿಂತಿರಲಿ. ಆ ಹೊತ್ತಿನಲ್ಲಿ ಮಕ್ಕಳನ್ನು ಮಾತ್ರ ಹತ್ತಿರ ಸುಳಿಯಗೊಡಬೇಡಿ.