ಮುಚ್ಚಳ ತೆಗೆಯಬೇಡ, ಮಗೂ

ಪ್ರೀತಿಸುತ್ತೀ, ಸರಿ. ನಿನ್ನ ವಯಸ್ಸಿಗೆ ಅದು ಶೋಭೆಯೇ. ಆದರೆ ಒಂದು ಚಾಳಿ ನಿನಗೆ ಅಂಟಿಕೊಂಡಿದೆ ಮಗೂ, ಮಾತುಮಾತಿಗೂ ಪುರಾವೆ ಕೇಳುವುದು. ಮೆಸೇಜಿಗೆ ಕೂಡಲೇ ಉತ್ತರ ಬರದಿದ್ದರೆ ಮುಖ ಊದಿಸಿಕೊಳ್ಳುತ್ತೀ. ಹುಟ್ಟುಹಬ್ಬಕ್ಕೆ ಸ್ಟೇಟಸ್ ಹಾಕಲಿಲ್ಲವೆಂದು ಮಾತು ಬಿಡುತ್ತೀ. ಘಳಿಗೆಗೊಮ್ಮೆ ಮುಚ್ಚಳ ತೆಗೆದು ನೋಡಿದರೆ ಅನ್ನ ಬೇಯುತ್ತದೆಯೇ?

ಪುರಾವೆ ಕೇಳುವ ಹಸಿವು ಒಂದಕ್ಕೇ ತೀರುವುದಿಲ್ಲ. ಸೀತೆಯನ್ನೇ ನೋಡು. ಲಂಕೆಯಲ್ಲಿ ಬೆಂಕಿಗಿಳಿದು ಎದ್ದು ಬಂದಳು, ಅಗ್ನಿಯೇ ಸಾಕ್ಷಿ ನುಡಿದ. ಸಾಕಾಯಿತೇ? ಉತ್ತರಕಾಂಡದಲ್ಲಿ ತುಂಬಿದ ಸಭೆಯಲ್ಲಿ ಮತ್ತೆ ಪ್ರಮಾಣ ಮಾಡೆಂದರು. ಪ್ರಮಾಣವನ್ನೇನೋ ಮಾಡಿದಳು ಮಹಾತಾಯಿ, ಆದರೆ ಹಾಗೆಯೇ ಭೂಮಿಯ ಮಡಿಲು ಸೇರಿಬಿಟ್ಟಳು. ರಾಮನಿಗೆ ಪುರಾವೆ ಸಿಕ್ಕಿತು, ಸೀತೆ ಸಿಗಲಿಲ್ಲ.

ಅದೇ ರಾಮಾಯಣದಲ್ಲಿ ಭರತನೂ ಇದ್ದಾನೆ. ಅಣ್ಣನನ್ನು ಕರೆತರಲು ದಂಡು ಸಮೇತ ಕಾಡಿಗೆ ಬಂದಾಗ ಗುಹನಿಗೂ ಅವನ ಮೇಲೆ ಅನುಮಾನ, ಲಕ್ಷ್ಮಣನಿಗೂ ಅನುಮಾನ. ಭರತ ಮಾಡಿದ್ದೇನು? ಪಾದುಕೆ ಹೊತ್ತು ನಂದಿಗ್ರಾಮಕ್ಕೆ ಹೋದ. ನಾರುಮಡಿ ಉಟ್ಟು 14 ವರ್ಷ ರಾಜ್ಯ ನೋಡಿಕೊಂಡ. ಅಣ್ಣ ಬಂದ ದಿನ, ಬೊಕ್ಕಸ, ಕಣಜ, ಸೈನ್ಯ ಎಲ್ಲ ಹತ್ತು ಪಟ್ಟಾಗಿವೆ, ನೋಡಿಕೋ ಎಂದು ಒಪ್ಪಿಸಿಬಿಟ್ಟ. ಇಷ್ಟು ಮಾಡೆಂದು ಯಾರೂ ಅವನನ್ನು ಕೇಳಿರಲಿಲ್ಲ. ಕೇಳದೆ ಬಂದದ್ದಕ್ಕೇ ಆ ತೂಕ.

ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನು ಗಂಡನೆಂದಳು. ಪುರಂದರದಾಸರು ಕೃಷ್ಣನನ್ನು ಮನೆಯ ತುಂಟ ಮಗುವಾಗಿಸಿಕೊಂಡರು. ದೇವರ ಮೇಲಿನ ಒಲವೇ ಇಷ್ಟು ಬಗೆಯದಾದರೆ ಮನುಷ್ಯರದ್ದು ಕೇಳಬೇಕೆ? ನಿನ್ನಪ್ಪ ಬಾಯಿಬಿಟ್ಟು ‘ನೀನಂದ್ರೆ ಇಷ್ಟ’ ಅಂದವನಲ್ಲ. ಮಳೆಗಾಲಕ್ಕೆ ಮೊದಲೇ ನಿನ್ನ ಸ್ಕೂಟರಿನ ಬ್ರೇಕು ಸರಿಮಾಡಿಸಿ ತರುತ್ತಾನೆ. ಅಮ್ಮ ನಿನ್ನೊಡನೆ ಜಗಳವಾಡಿದ ರಾತ್ರಿಯೂ ನಿನ್ನ ಪಾಲಿನ ಸಾರು ಎತ್ತಿಟ್ಟೇ ಮಲಗುವುದು. ನಿನ್ನ ಗೆಳತಿ ಪರೀಕ್ಷೆಯ ಹಿಂದಿನ ರಾತ್ರಿ ಬೈಯುತ್ತಲೇ ಪಾಠ ಹೇಳಿಕೊಟ್ಟಳಲ್ಲ, ಅದನ್ನು ಯಾವ ಲೆಕ್ಕಕ್ಕೆ ಹಾಕುತ್ತೀ?

ಜೊತೆಗಾರರ ಒಲವು ಬೇರೆಯೇ, ಒಪ್ಪಿದೆ. ಅದಕ್ಕೆ ಮಾತೂ ಬೇಕು, ಮುದ್ದೂ ಬೇಕು. ಆದರೆ ನೋಡುವುದಾದರೆ ಸದ್ದಿಲ್ಲದೆ ನೋಡು. ನಿನಗೆ ಜ್ವರ ಬಂದ ದಿನ ಹೇಗಿದ್ದರು? ನೀನು ಫೇಲಾದ ದಿನ? ನೀನು ‘ಬೇಡ’ ಎಂದ ದಿನ? ಬೇಡ ಎಂದಾಗ ಕಾಣುವ ಮುಖವೇ ನಿಜವಾದ ಮುಖ. ಹೋಟೆಲಿನ ಮಾಣಿಯನ್ನು ಹೇಗೆ ಮಾತಾಡಿಸುತ್ತಾರೆ, ಅದನ್ನೂ ಗಮನಿಸು. ಇಷ್ಟಾದರೂ ಮನಸ್ಸಿನ ಒಳಗನ್ನು ಯಾರೂ ತೆಗೆದು ತೋರಿಸಲಾರರು. ಒಂದಿಷ್ಟು ನಂಬಿಯೇ ನಡೆಯಬೇಕು. ನಂಬಲಾಗದಿದ್ದರೆ ಬಿಟ್ಟು ಬಾ. ಪರೀಕ್ಷೆ ಮೇಲೆ ಪರೀಕ್ಷೆ ಇಟ್ಟು ಇಬ್ಬರೂ ಸೊರಗುವುದಕ್ಕಿಂತ ಅದು ಮೇಲು.

ಇನ್ನೊಂದು ಮಾತು, ಇದನ್ನು ಸಲಿಗೆಯಲ್ಲಿ ಹೇಳುತ್ತಿಲ್ಲ. ಪ್ರೀತಿ ಇದ್ದರೆ ಫೋನಿನ ಪಾಸ್‌ವರ್ಡ್ ಕೊಡು, ಅಂಥ ಫೋಟೋ ಕಳಿಸು, ಗೆಳೆಯರನ್ನು ಬಿಡು, ಕಾಲೇಜು ಬಿಡು ಎಂದು ಯಾರೇ ಕೇಳಲಿ, ಒಪ್ಪಬೇಡ. ನೀನೂ ಯಾರನ್ನೂ ಹಾಗೆ ಕೇಳಬೇಡ. ಕಳಿಸಿದ ಫೋಟೋ ಇಟ್ಟುಕೊಂಡು ಬೆದರಿಸಿದರೆ ಅದು ಅಪರಾಧ. 112ಕ್ಕೆ ಫೋನ್ ಮಾಡು, ಮನೆಯಲ್ಲಿ ಹೇಳು. ಬೈಗುಳ ಬಿದ್ದೀತು, ಬೀಳಲಿ. ಬೈದವರೇ ನಿನ್ನ ಜೊತೆ ಠಾಣೆಗೂ ಬರುತ್ತಾರೆ.