ಪಿಂಡಸ್ ಬೆಟ್ಟಕ್ಕೆ ಹೊರಟವಳಿಗೆ

ಮಗಳೇ,

ಮುಂದಿನ ಬೇಸಿಗೆಗೆ ಗ್ರೀಸಿನ ಮೆತ್ಸೊವೊಗೆ ಹೋಗುತ್ತೇನೆ, ಅರೊಮಾನಿಯನ್ ಭಾಷೆಯ ಮೇಲೆಯೇ ಪ್ರಬಂಧ ಬರೆಯುತ್ತೇನೆ ಎಂದು ತಿಳಿಸಿದ್ದೀಯ. ಸಂತೋಷವಾಯಿತು. ಆದರೆ ಕಾಗದದ ಕೊನೆಗೆ ಒಂದು ಪ್ರಶ್ನೆ ಸೇರಿಸಿದ್ದೀಯಲ್ಲ, 'ದೊಡ್ಡಜ್ಜ, ಕೊನೆಗೂ ಇವರು ಗ್ರೀಕರೋ, ರೊಮೇನಿಯನ್ನರೋ?' ಅಂತ, ಅದನ್ನು ಇಲ್ಲೇ ಬಿಟ್ಟು ಹೋಗು. ಆ ಪ್ರಶ್ನೆ ಹೊತ್ತುಕೊಂಡು ಅವರ ಮನೆಬಾಗಿಲಿಗೆ ಹೋದವರು ನೂರೈವತ್ತು ವರ್ಷಗಳಲ್ಲಿ ಬಹಳ ಮಂದಿ: ಶಾಲಾ ಇನ್‌ಸ್ಪೆಕ್ಟರು, ಪಾದ್ರಿ, ರಾಯಭಾರ ಕಚೇರಿಯವನು, ಜನಗಣತಿ ಗುಮಾಸ್ತ, ಒಮ್ಮೊಮ್ಮೆ ಬಂದೂಕು ಹಿಡಿದವನು. ಯಾರಿಂದಲೂ ಆ ಮನೆಗಳಿಗೆ ದೊಡ್ಡ ಉಪಕಾರವೇನೂ ಆಗಲಿಲ್ಲ.

ನಿನಗೆ ಗೊತ್ತಿರುವುದನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ರೋಮನ್ ಸಾಮ್ರಾಜ್ಯ ಬಾಲ್ಕನ್ ನೆಲದಲ್ಲಿ ಬಿಟ್ಟುಹೋದ ಲ್ಯಾಟಿನ್ನಿನಿಂದ ಹುಟ್ಟಿ, ಡ್ಯಾನ್ಯೂಬ್ ನದಿಯ ದಕ್ಷಿಣಕ್ಕೆ ಬೆಳೆದ ಮಾತು ಇದು. ಉತ್ತರದ ರೊಮೇನಿಯನ್ ಭಾಷೆಗೆ ಹತ್ತಿರದ ರಕ್ತಸಂಬಂಧಿ. ಆಡುವವರು ಗ್ರೀಸ್, ಅಲ್ಬೇನಿಯ, ಉತ್ತರ ಮೆಸಿಡೋನಿಯ, ಬಲ್ಗೇರಿಯಗಳಲ್ಲಿ ಚದುರಿಹೋಗಿದ್ದಾರೆ. ರೊಮೇನಿಯದ ದೊಬ್ರೂಜ ಪ್ರಾಂತದಲ್ಲೂ ಇದ್ದಾರೆ. ತಮ್ಮನ್ನು ತಾವು 'ಅರ್ಮಾನ್' ಎನ್ನುತ್ತಾರೆ, ನೆರೆಯವರು 'ವ್ಲಾಖ್' ಎನ್ನುತ್ತಾರೆ. ಯಾವ ದೇಶದಲ್ಲೂ ಅವರು ಬಹುಸಂಖ್ಯಾತರಲ್ಲ. ಕುರಿ ಸಾಕುವುದು, ಹೇಸರಗತ್ತೆಗಳ ಮೇಲೆ ಸರಕು ಸಾಗಿಸುವುದು, ವ್ಯಾಪಾರ, ಇವು ಅವರ ಹಳೆಯ ಕಸುಬುಗಳು. ಏಪ್ರಿಲ್ 23ರ ಸಂತ ಜಾರ್ಜ್ ಹಬ್ಬದ ಹೊತ್ತಿಗೆ ಮಂದೆಯೊಡನೆ ಪಿಂಡಸ್ ಬೆಟ್ಟ ಹತ್ತುವುದು, ಅಕ್ಟೋಬರ್ 26ರ ಸಂತ ದಿಮಿತ್ರಿ ಹಬ್ಬಕ್ಕೆ ಥೆಸಲಿಯ ಬಯಲಿಗೆ ಇಳಿಯುವುದು. ಊರೆಂದರೆ ಅವರಿಗೆ ಎರಡು ಊರು. ಈ ಒಂದು ಸಂಗತಿ ಅರ್ಥವಾದರೆ ಅವರ ಗುರುತಿನ ಬಗ್ಗೆ ಅರ್ಧ ಅರ್ಥವಾದಂತೆ.

ಇನ್ನು ನಾನು ಹೇಳಬೇಕೆಂದಿರುವ ವಿಷಯ. ಈ ಜನಕ್ಕೆ ಅವರ ಹಿರಿಯರೇ ಎರಡು ದೊಡ್ಡ ಕಿವಿಮಾತು ಹೇಳಿದರು. ಎರಡೂ ಪ್ರೀತಿಯಿಂದಲೇ ಬಂದವು. ಎರಡರಿಂದಲೂ ಭಾಷೆಗೆ ಕ್ಷೇಮವಾಗಲಿಲ್ಲ. ಮುದುಕರ ಮಾತನ್ನು ಎಷ್ಟು ಕೇಳಬೇಕು ಎಂಬುದಕ್ಕೂ ಇದು ನಿನಗೆ ಉಪಯೋಗಕ್ಕೆ ಬಂದೀತು, ಈ ಕಾಗದವನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಮೊದಲನೆಯದು ಮೊಸ್ಕೊಪೋಲೆಯ ದಾನಿಯೇಲ್ ಎಂಬ ಪಾದ್ರಿಯದು. ಇಂದು ಅಲ್ಬೇನಿಯದಲ್ಲಿ ವೋಸ್ಕೊಪೋಯ ಎಂಬ ಹಳ್ಳಿಯಾಗಿ ಉಳಿದಿರುವ ಮೊಸ್ಕೊಪೋಲೆ 18ನೆಯ ಶತಮಾನದಲ್ಲಿ ಶ್ರೀಮಂತ ಪಟ್ಟಣ. ಅಲ್ಲಿ ಮುದ್ರಣಾಲಯವಿತ್ತು, 'ಹೊಸ ಅಕಾಡೆಮಿ' ಎಂಬ ವಿದ್ಯಾಲಯವಿತ್ತು, ವೆನಿಸ್, ವಿಯೆನ್ನಾಗಳವರೆಗೆ ಹಬ್ಬಿದ ವ್ಯಾಪಾರವಿತ್ತು. ನಿವಾಸಿಗಳಲ್ಲಿ ಹೆಚ್ಚಿನವರು ಅರೊಮಾನಿಯನ್ನರು. ಆದರೆ ಪಾಠ, ಪೂಜೆ, ಲೆಕ್ಕಪತ್ರ ಎಲ್ಲ ಗ್ರೀಕಿನಲ್ಲಿ. ಆ ವಿದ್ಯಾಲಯದ ಗುರು ಕವಾಲಿಯೋತಿಸ್ 1770ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಗ್ರೀಕ್, ಅರೊಮಾನಿಯನ್, ಅಲ್ಬೇನಿಯನ್ ಪದಗಳ ಪಟ್ಟಿಯಿದೆ. ಅವನ ಶಿಷ್ಯ ದಾನಿಯೇಲ್ ಅದಕ್ಕೆ ಬಲ್ಗೇರಿಯನ್ ಸೇರಿಸಿ ನಾಲ್ಕು ಭಾಷೆಯ ಕೋಶವನ್ನೇ ಮಾಡಿದ. ಅದರ 1802ರ ಮುದ್ರಣ ಇಂದಿಗೂ ವಿದ್ವಾಂಸರ ಕೈಯಲ್ಲಿದೆ. ಕೋಶದ ಉದ್ದೇಶವನ್ನು ಅವನು ಮುಚ್ಚಿಡಲಿಲ್ಲ. ನಿಮ್ಮ ಒರಟು ಮಾತನ್ನು ಬಿಡಿ, ಗ್ರೀಕ್ ಕಲಿಯಿರಿ, ನಿಮಗೂ ಊರಿಗೂ ಉದ್ಧಾರ ಎಂದು ಪೀಠಿಕೆಯ ಪದ್ಯದಲ್ಲಿ ತನ್ನವರನ್ನೇ ಕರೆದು ಹೇಳಿದ.

ಅವನನ್ನು ಬೈಯುವುದಕ್ಕೆ ಆತುರ ಬೇಡ. ಪೇಟೆಯಲ್ಲಿ ನಡೆಯುವ ನುಡಿ ಗ್ರೀಕ್. ಚರ್ಚಿನ ನುಡಿ ಗ್ರೀಕ್. ಮಗನಿಗೆ ನಾಲ್ಕು ಕಾಸು ತಂದುಕೊಡುವ ನುಡಿಯೂ ಅದೇ. ಅವನ ಮಾತು ಕೇಳಿದವರು ಕೆಟ್ಟೂ ಹೋಗಲಿಲ್ಲ. ಮೊಸ್ಕೊಪೋಲೆ ಮೂಲದ ಸಿನಾಸ್ ಮನೆತನ ವಿಯೆನ್ನಾದಲ್ಲಿ ಬ್ಯಾಂಕರುಗಳಾಗಿ ಬೆಳೆಯಿತು. ಅಥೆನ್ಸಿನ ಅಕಾಡೆಮಿ ಕಟ್ಟಡ ಎದ್ದದ್ದು ಸಿಮೋನ್ ಸಿನಾಸ್‌ನ ಹಣದಿಂದ. ಸಿರಾಕೊ ಎಂಬ ವ್ಲಾಖ್ ಹಳ್ಳಿಯ ಇಯೋನಿಸ್ ಕೊಲೆತಿಸ್ 1844ರಲ್ಲಿ ಗ್ರೀಸಿನ ಪ್ರಧಾನಿಯಾದ. ನೀನು ಹೋಗುತ್ತಿರುವ ಮೆತ್ಸೊವೊದ ಯೋರ್ಯೋಸ್ ಅವೆರೋಫ್ ಕೊಟ್ಟ ಹಣದಲ್ಲಿ 1896ರ ಒಲಿಂಪಿಕ್ಸ್‌ಗೆ ಅಥೆನ್ಸಿನ ಅಮೃತಶಿಲೆಯ ಕ್ರೀಡಾಂಗಣ ಸಿದ್ಧವಾಯಿತು. ಅಥೆನ್ಸಿನ ಪಾಲಿಟೆಕ್ನಿಕ್ ಇಂದಿಗೂ ಅಧಿಕೃತವಾಗಿ ತನ್ನ ಹೆಸರಿನಲ್ಲಿ ಮೆತ್ಸೊವೊವನ್ನು ಹೊತ್ತಿದೆ, ಅದನ್ನು ಕಟ್ಟಿದ ದಾನಿಗಳ ಊರು ಅದು ಎಂಬ ಕಾರಣಕ್ಕೆ. ಗ್ರೀಸಿನ ಬಹುತೇಕ ವ್ಲಾಖರು 'ನಾವು ಗ್ರೀಕರು' ಎಂದು ಹೇಳಿದಾಗ, ಅಲ್ಪಸಂಖ್ಯಾತರೆಂಬ ಪಟ್ಟಿ ನಮಗೆ ಬೇಡ ಎಂದಾಗ, ಅದು ಹೆದರಿಕೆಯ ಮಾತೆಂದು ನೀನಾಗಿ ತೀರ್ಮಾನಿಸಬೇಡ. ಆಧುನಿಕ ಗ್ರೀಸನ್ನು ಕಟ್ಟಿದವರಲ್ಲಿ ಅವರ ಅಜ್ಜಂದಿರೂ ಇದ್ದರು.

ದಾನಿಯೇಲ್‌ನ ವಿಷಯದಲ್ಲಿ ಒಂದು ತಮಾಷೆಯೂ ಇದೆ. ಭಾಷೆ ಬಿಡಿ ಎಂದು ಹೇಳಲು ಬರೆದ ಅವನ ಪುಸ್ತಕವೇ ಆ ಕಾಲದ ಅರೊಮಾನಿಯನ್ ಹೇಗಿತ್ತು ಎಂಬುದಕ್ಕೆ ನಮ್ಮ ಕೈಗೆ ಸಿಕ್ಕಿರುವ ಮುಖ್ಯ ಸಾಕ್ಷಿಗಳಲ್ಲೊಂದು. ಅವನು ಕೋಶ ಮಾಡುವ ಹೊತ್ತಿಗೆ ಮೊಸ್ಕೊಪೋಲೆಯೇ ಉಳಿದಿರಲಿಲ್ಲ ಎನ್ನಬೇಕು. 1769ರಲ್ಲಿ ಒಮ್ಮೆ, 1788ರಲ್ಲಿ ಮತ್ತೊಮ್ಮೆ ಲೂಟಿಗೆ ಸಿಕ್ಕಿ ಜನ ದಿಕ್ಕಾಪಾಲಾದರು. ಹಾಗೆ ಚದುರಿದವರ ನಡುವೆಯೇ ವಿಯೆನ್ನಾದಲ್ಲಿ ಬೇರೆ ದನಿಯೂ ಎದ್ದಿತು. ಅಲ್ಲಿನ ಗ್ರೀಕ್ ಶಾಲೆಯ ಮೇಷ್ಟರು ಮಿಹಾಯಿಲ್ ಬೊಯಾಜಿ 1813ರಲ್ಲಿ ಅರೊಮಾನಿಯನ್ ವ್ಯಾಕರಣವನ್ನು ಅಚ್ಚು ಮಾಡಿದರು. ಹಗಲು ಗ್ರೀಕ್ ಪಾಠ ಹೇಳಿ ಸಂಬಳ ತೆಗೆದುಕೊಂಡು ಮನೆಮಾತಿಗೆ ವ್ಯಾಕರಣ ಬರೆದ ಆ ಮನುಷ್ಯನ ಮೇಲೆ ನನಗೆ ಗೌರವ ಹೆಚ್ಚು.

ಎರಡನೆಯ ಕಿವಿಮಾತು ಇದಕ್ಕೆ ತದ್ವಿರುದ್ಧ. 1888ರಲ್ಲಿ ಕೊನ್‌ಸ್ತಾಂತಿನ್ ಬೆಲಿಮಾಚೆ ಎಂಬ ಕವಿ, ಇಂದಿನ ಉತ್ತರ ಮೆಸಿಡೋನಿಯದ ಬಿತೋಲ ಬಳಿಯ ಮಾಲೊವಿಷ್ಟೆಯವನು, 'ಹಿರಿಯರ ಆಜ್ಞೆ' ಎಂಬರ್ಥದ ಹೆಸರಿನ ಕವನ ಬರೆದ. ಅದು ಇಂದು ಅರೊಮಾನಿಯನ್ನರ ನಾಡಗೀತೆಯಂತೆ ನಡೆದುಕೊಂಡು ಬಂದಿದೆ. ಎದ್ದು ನಿಂತು ಹಾಡುತ್ತಾರೆ. ತಾಯಿನುಡಿ ಬಿಟ್ಟವನ ಮೇಲೆ ಶಾಪ ಹಾಕುವ ಹಾಡು ಅದು. ಹಾಡಾಗಿ ಅದರ ಕಸುವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಶಾಪಕ್ಕೆ ಅಂಜಿ ಭಾಷೆ ಉಳಿಸಿಕೊಂಡ ಮಕ್ಕಳನ್ನು ನಾನು ಯಾವ ನಾಡಿನಲ್ಲೂ ಕಂಡಿಲ್ಲ. ಅಜ್ಜನ ಸಿಟ್ಟು ಕಂಡ ಮೊಮ್ಮಗ ಅಜ್ಜನ ಕೋಣೆಗೆ ಹೋಗುವುದನ್ನೇ ಬಿಡುತ್ತಾನೆ, ಅಷ್ಟೆ.

ಈ ಎರಡರ ನಡುವೆ ಸರ್ಕಾರಗಳು ನುಗ್ಗಿದವು. 1864ರಿಂದ ರೊಮೇನಿಯದ ನೆರವಿನಿಂದ ಆಟೊಮನ್ ನೆಲದಲ್ಲಿ ಅರೊಮಾನಿಯನ್ ಮಕ್ಕಳಿಗೆ ಶಾಲೆಗಳು ತೆರೆದವು. ಮೊದಲನೆಯದು ಬಿತೋಲ ಬಳಿಯ ತ್ರ್‌ನೊವೊದಲ್ಲಿ. ಅಲ್ಲಿ ಕಲಿಸಿದ್ದು ಬಹುಮಟ್ಟಿಗೆ ಬುಕಾರೆಸ್ಟಿನ ರೊಮೇನಿಯನ್. ಆಚೆ ಬೀದಿಯ ಶಾಲೆಯಲ್ಲಿ ಗ್ರೀಕ್, ಈಚೆ ಬೀದಿಯ ಶಾಲೆಯಲ್ಲಿ ರೊಮೇನಿಯನ್. ಅಮ್ಮನ ಮಾತಿಗೆ ಎರಡರಲ್ಲೂ ಬೆಂಚಿಲ್ಲ. ಒಂದೇ ಮನೆಯ ಅಣ್ಣತಮ್ಮಂದಿರು ಎರಡು ಪಕ್ಷವಾದರು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದು ಕೊಲೆಗಳವರೆಗೂ ಹೋಯಿತು. 1905ರ ಮೇ ತಿಂಗಳಲ್ಲಿ ಸುಲ್ತಾನ ಇವರನ್ನು ಪ್ರತ್ಯೇಕ ಸಮುದಾಯವೆಂದು ಮಾನ್ಯ ಮಾಡಿದ. ಮೇ 23ನ್ನು ಅನೇಕರು ಇಂದಿಗೂ ತಮ್ಮ ರಾಷ್ಟ್ರೀಯ ದಿನವೆಂದು ಆಚರಿಸುತ್ತಾರೆ. ಏಳೆಂಟು ವರ್ಷಗಳಲ್ಲಿ ಬಾಲ್ಕನ್ ಯುದ್ಧಗಳಾಗಿ ಆ ಸುಲ್ತಾನನ ರಾಜ್ಯವೇ ಅಲ್ಲಿಂದ ಹೋಯಿತು. ಎಷ್ಟೋ ಮಂದಿಯ ಬೇಸಿಗೆಯ ಬೆಟ್ಟ ಒಂದು ದೇಶಕ್ಕೆ, ಚಳಿಗಾಲದ ಬಯಲು ಇನ್ನೊಂದು ದೇಶಕ್ಕೆ ಸೇರಿತು. ಹುಲ್ಲುಗಾವಲು ಕೈತಪ್ಪಿದ ಎಷ್ಟೋ ಕುಟುಂಬಗಳು 1925ರಿಂದ ರೊಮೇನಿಯದ ದಕ್ಷಿಣ ದೊಬ್ರೂಜಕ್ಕೆ ಹೊರಟವು. 1940ರಲ್ಲಿ ಆ ಪ್ರಾಂತ ಬಲ್ಗೇರಿಯಕ್ಕೆ ಹೋದಾಗ ಮತ್ತೆ ಗಂಟು ಕಟ್ಟಿ ಉತ್ತರಕ್ಕೆ ನಡೆದವು. ಫುಟ್‌ಬಾಲಿನ ಹಾಜಿ, ವಿಂಬಲ್ಡನ್ ಗೆದ್ದ ಸಿಮೋನ ಹಾಲೆಪ್ ಇಬ್ಬರೂ ದೊಬ್ರೂಜದ ಅರೊಮಾನಿಯನ್ ಮೂಲದವರೇ. ರೊಮೇನಿಯದ ಬಾವುಟ ಹಿಡಿದು ಆಡಿದರು, ಅದರಲ್ಲಿ ಯಾರಿಗೂ ಮೋಸವಾಗಲಿಲ್ಲ.

1941ರಲ್ಲಿ ಗ್ರೀಸಿನ ನೆಲ ಇಟಲಿಯ ಸೇನೆಯ ವಶವಾದಾಗ ಅಲ್ಕಿಬಿಯಾದಿಸ್ ದಿಯಾಮಂದಿ ಎಂಬವನು ವ್ಲಾಖರ ಹೆಸರಿನಲ್ಲಿ ಒಂದು ದಳ ಕಟ್ಟಿ ಆಕ್ರಮಣಕಾರರ ಜೊತೆ ನಿಂತ. ಸೇರಿದವರು ಕೆಲವರು, ವಿರೋಧಿಸಿ ಬಂದೂಕು ಹಿಡಿದ ವ್ಲಾಖರೂ ಇದ್ದರು. ಸಂಶಯ ಮಾತ್ರ ಇಡೀ ಭಾಷೆಗೆ ಅಂಟಿಕೊಂಡಿತು. ನೀನು ರೆಕಾರ್ಡರ್ ತೆಗೆದಾಗ ಯಾರಾದರೂ ಹಿರಿಯರು ಸುಮ್ಮನಾಗಿಬಿಟ್ಟರೆ ಈ ಇತಿಹಾಸವೆಲ್ಲ ಅವರ ಬೆನ್ನ ಹಿಂದೆ ಇದೆಯೆಂದು ನೆನಪಿಟ್ಟುಕೊ, ರೆಕಾರ್ಡರನ್ನು ಚೀಲಕ್ಕೆ ಹಾಕು. ಹೊರಗಿನವರು ಬಂದು ಕೇಳುತ್ತಿದ್ದಾರೆ ಎಂದರೆ ಹಿಂದೆ ಯಾವ ದೇಶವಿದೆಯೋ ಎಂದು ಅವರು ಲೆಕ್ಕ ಹಾಕುವುದು ಸಹಜ.

ಹೀಗೆ ಹೇಳಿದೆನೆಂದು, ಎಲ್ಲರೂ ಅವರವರ ಇಷ್ಟದಂತೆ ಇರಲಿ, ಭಾಷೆ ಹೋದರೆ ಹೋಗಲಿ ಎಂಬುದು ನನ್ನ ಅಭಿಪ್ರಾಯ ಎಂದುಕೊಳ್ಳಬೇಡ. ಹೋಗುತ್ತಿದೆ, ಅದು ನಷ್ಟವೇ. ಯುರೋಪಿನ ಮಂಡಳಿಯ ಸಂಸದೀಯ ಸಭೆ 1997ರಲ್ಲಿ ಈ ಭಾಷೆಗಾಗಿಯೇ ಒಂದು ಶಿಫಾರಸು ಹೊರಡಿಸಿತು. ಶತಮಾನದ ಆರಂಭದಲ್ಲಿ 5 ಲಕ್ಷವಿದ್ದ ಮಾತುಗಾರರು ಎರಡೂವರೆ ಲಕ್ಷಕ್ಕೆ ಇಳಿದಿದ್ದಾರೆ, ಇರುವವರಲ್ಲಿ ಹೆಚ್ಚಿನವರು ವಯಸ್ಸಾದವರು ಎಂದು ಅದರಲ್ಲಿದೆ. ಉತ್ತರ ಮೆಸಿಡೋನಿಯ ತನ್ನ ಸಂವಿಧಾನದಲ್ಲೇ ವ್ಲಾಖರ ಹೆಸರು ಹೇಳಿದೆ, ಕ್ರೂಶೆವೊ ಪಟ್ಟಣದಲ್ಲಿ ಅವರ ಭಾಷೆಗೆ ಅಧಿಕೃತ ಸ್ಥಾನವಿದೆ. ಅಲ್ಲಿಯೂ 2002ರ ಜನಗಣತಿಯಲ್ಲಿ 9,695 ಇದ್ದವರು 2021ಕ್ಕೆ 8,714 ಆದರು. ಮಾನ್ಯತೆ ಬೇಡವೆಂದಲ್ಲ, ಖಂಡಿತ ಬೇಕು. ಆದರೆ ಮಾನ್ಯತೆಯ ಪತ್ರ ಮನೆಯೊಳಗೆ ಬಂದು ಮಗುವಿನ ಜೊತೆ ಮಾತಾಡುವುದಿಲ್ಲ.

ಬಿತೋಲಕ್ಕೆ ಹೋದರೆ ಮನಾಕಿ ಸಹೋದರರ ಚಿತ್ರಗಳನ್ನು ನೋಡು. ಯನಾಕಿ ಮತ್ತು ಮಿಲ್ತೋನ್, ಪಿಂಡಸ್‌ನ ಅವ್ದೆಲ್ಲ ಊರಿನ ಅರೊಮಾನಿಯನ್ನರು, ಬಾಲ್ಕನ್ ಸಿನಿಮಾದ ಮೊದಲಿಗರು. ಲಂಡನ್ನಿನಿಂದ ಕ್ಯಾಮೆರಾ ತರಿಸಿಕೊಂಡು ಅವರು ಮೊದಲು ಚಿತ್ರಿಸಿದ್ದರಲ್ಲಿ ತಮ್ಮ ಅಜ್ಜಿ ದೆಸ್ಪಿನ ಉಣ್ಣೆ ನೂಲುವ ದೃಶ್ಯವೂ ಸೇರಿದೆ. ಆಕೆಯ ಬೆರಳುಗಳ ಚುರುಕು ಇಂದಿಗೂ ಕಣ್ಣಿಗೆ ಕಾಣುತ್ತದೆ. ಕ್ಯಾಮೆರಾದ ಹಿಂದಿದ್ದ ಮೊಮ್ಮಕ್ಕಳಿಗೆ ಆಕೆ ಏನು ಹೇಳಿದಳೋ ಕೇಳಿಸದು, ಅದು ಮೂಕಿ ಚಿತ್ರದ ಕಾಲ. ಆ ಊರುಗಳಲ್ಲಿ ಗಂಡಸರು ಪೇಟೆಗೆ, ಶಾಲೆಗೆ, ದೂರದ ದೇಶಕ್ಕೆ ಹೋಗಿ ನಾಲ್ಕು ಭಾಷೆ ಕಲಿತು ಬಂದರು. ಮನೆಮಾತನ್ನು ಹಿಡಿದುಕೊಂಡು ಕೂತವರು ಹೆಚ್ಚಾಗಿ ಹೆಂಗಸರು. ಅವರ ಹೆಸರು ಯಾವ ಕಟ್ಟಡದ ಮೇಲೂ ಇಲ್ಲ. ನಿನ್ನ ಬಳಿ ಇರುವ ಫೋನಿಗೆ ಕಿವಿಯೂ ಇದೆ. ಕೇಳಿಸಿಕೊಂಡದ್ದರ ಒಂದು ಪ್ರತಿಯನ್ನು ಆ ಮನೆಯ ಮಕ್ಕಳ ಫೋನಿಗೇ ಮೊದಲು ಕಳಿಸು, ಆಮೇಲೆ ವಿಶ್ವವಿದ್ಯಾಲಯಕ್ಕೆ.

ನಿನ್ನದೇ ಒಂದು ಮಾತು. ನಿನ್ನ ಅಮ್ಮನ ಮನೆಯ ನುಡಿ ಕೊಡವ ತಕ್ಕ್. ನಿನಗೆ ಕೇಳಿದರೆ ಅರ್ಥವಾಗುತ್ತದೆ, ಆಡಲು ಹೋದರೆ ಕನ್ನಡವೋ ಇಂಗ್ಲಿಷೋ ಬಾಯಿಗೆ ಬರುತ್ತದೆ. ಯುನೆಸ್ಕೊದ ಅಳಿವಿನಂಚಿನ ಭಾಷೆಗಳ ಭೂಪಟದಲ್ಲಿ ಅರೊಮಾನಿಯನ್ನಿಗೂ ಕೊಡವಕ್ಕೂ ಹಾಕಿರುವ ದರ್ಜೆ ಒಂದೇ. 2011ರ ಜನಗಣತಿಯಲ್ಲಿ ಕೊಡವ ತಾಯಿನುಡಿ ಎಂದವರು 1,13,857. ನಮ್ಮ ಕಡೆಯಿಂದ, ಅಂದರೆ ಕನ್ನಡದ ದೊಡ್ಡ ಅಂಗಳದಲ್ಲಿ ನಿಂತವರಿಂದ, ಈ ಅಂಕಿ ಕಣ್ಣಿಗೆ ಬೀಳುವುದು ಕಷ್ಟ. ಇಂಗ್ಲಿಷಿನ ಮುಂದೆ ನಾವು ದೂರುವುದನ್ನು ಕೊಡವರು, ತುಳುವರು ನಮ್ಮ ಮುಂದೆ ದೂರಬಹುದೆಂದು ನಮಗೆ ಹೊಳೆಯುವುದೇ ಇಲ್ಲ. ನೀನು ಎರಡೂ ಕಡೆಯವಳು. ಹಾಗೆ ಇರುವುದಕ್ಕೆ ಯಾರಿಂದಲೂ ಅಪ್ಪಣೆ ಪಡೆಯಬೇಕಾಗಿಲ್ಲ. ಭಾನುವಾರ ಅಮ್ಮನಿಗೆ ಫೋನು ಮಾಡುತ್ತೀಯಲ್ಲ, ಆ ಒಂದು ಫೋನು ಕೊಡವದಲ್ಲೇ ಆಗಲಿ. ತಪ್ಪು ಮಾತಾಡು. ಅವಳು ನಗುತ್ತಾಳೆ, ನಗಲಿ.

ಇನ್ನು ಕೆಲಸದ ವಿಚಾರ. ಅರೊಮಾನಿಯನ್ ಬರೆಯುವ ಕ್ರಮದ ಜಗಳದಲ್ಲಿ ಸಿಕ್ಕಿಕೊಳ್ಳಬೇಡ. ಹಿಂದೆ ಗ್ರೀಕ್ ಲಿಪಿ, ಆಮೇಲೆ ರೊಮೇನಿಯನ್ ಮಾದರಿಯ ಲ್ಯಾಟಿನ್ ಲಿಪಿ, 1997ರಲ್ಲಿ ಬಿತೋಲದಲ್ಲಿ ಕೂತು ಒಪ್ಪಿಕೊಂಡ ಇನ್ನೊಂದು ಕ್ರಮ. ಬರೆದದ್ದನ್ನು ಓದುವ ಹದಿನೈದು ವರ್ಷದ ಹುಡುಗ ಒಬ್ಬನಿದ್ದರೆ ಅವನಿಗೆ ಯಾವುದು ಸುಲಭವೋ ಅದರಲ್ಲಿ ಬರೆ. ಹಳೆಯ ಹಾಡು, ಮದುವೆ ಪದ್ಧತಿ ಇಷ್ಟಕ್ಕೇ ನಿಲ್ಲಿಸಬೇಡ. ಭಾಷೆ ಸತ್ತಮೇಲೂ ಅವು ಹಬ್ಬದ ದಿನ ಉಡುಪು ಹಾಕಿಕೊಂಡು ಬರುತ್ತವೆ. ಕರೆಂಟ್ ಬಿಲ್ಲಿನ ಬಗ್ಗೆ, ಮಂಡಿನೋವಿನ ಬಗ್ಗೆ, ಜರ್ಮನಿಗೆ ಹೋದ ಮಗನ ಬಗ್ಗೆ ಆ ಭಾಷೆಯಲ್ಲಿ ಹೇಗೆ ಮಾತಾಡುತ್ತಾರೆ ಕೇಳು.

ಎಲ್ಲಕ್ಕಿಂತ ಮೊದಲು ಗ್ರೀಕ್ ಚೆನ್ನಾಗಿ ಕಲಿ. ಯಾರಾದರೂ ಅಜ್ಜಿ ನಿನ್ನೊಡನೆ ಗ್ರೀಕಿನಲ್ಲೇ ಮಾತಾಡಿದರೆ ಮುಖ ಸಣ್ಣದು ಮಾಡಿಕೊಳ್ಳಬೇಡ, ಆ ಗ್ರೀಕೂ ಆಕೆಯದೇ. ಆಗಸ್ಟ್ 15ರ ಹಬ್ಬಕ್ಕೆ ಬೆಟ್ಟದ ಮೇಲಿನ ವ್ಲಾಖ್ ಹಳ್ಳಿ ಸಮರೀನಕ್ಕೂ ಹೋಗಬೇಕೆಂದಿದ್ದರೆ ಕೋಣೆಯನ್ನು ಈಗಲೇ ಕಾದಿರಿಸು. ಚಳಿಗಾಲದಲ್ಲಿ ಬಾಗಿಲು ಹಾಕಿರುವ ಆ ಊರಿಗೆ ಆ ವಾರ ಲಾರಿಸ್ಸ, ಅಥೆನ್ಸ್‌ಗಳಿಂದ ಎಲ್ಲರೂ ಬಂದಿಳಿಯುತ್ತಾರೆ, ತಡಮಾಡಿದರೆ ಮಲಗಲು ಜಾಗ ಸಿಗದು. ಬೆಟ್ಟದ ಮೇಲೆ ರಾತ್ರಿ ಚಳಿ, ಸ್ವೆಟರ್ ಮರೆಯಬೇಡ.

ನಿನ್ನ ದೊಡ್ಡಜ್ಜ