ಬಾನಿನ ಹಾದಿ

ಹಕ್ಕಿಗೆ ಗಡಿಯಿಲ್ಲ, ವಿಮಾನಕ್ಕೆ ಗಡಿಯುಂಟು. ನೆಲವು ಯಾವ ರಾಷ್ಟ್ರದ್ದೋ ಅದರ ಮೇಲಣ ಬಾನೂ ಆ ರಾಷ್ಟ್ರದ್ದೇ. 1944ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ನೆರೆದ ರಾಷ್ಟ್ರಗಳು ಈ ತತ್ತ್ವವನ್ನು ಒಪ್ಪಿದವು. ಆದುದರಿಂದ ಒಂದು ದೇಶದ ವಿಮಾನವು ಇನ್ನೊಂದು ದೇಶಕ್ಕೆ ನಿಯತವಾಗಿ ಹೋಗಿಬರಬೇಕಾದರೆ ಎರಡು ಸರಕಾರಗಳ ನಡುವೆ ವಾಯುಸೇವಾ ಒಪ್ಪಂದವಾಗಬೇಕು. ಹಾಗಾದರೆ, ಸಹಿ ಮಾಡಿದ ಸರಕಾರವೇ ಆ ನೆಲವನ್ನು ಬಿಟ್ಟು ಹೊರಟರೆ ಒಪ್ಪಂದದ ಗತಿಯೇನು?

ಇಂತಹ ಪ್ರಶ್ನೆ ನಮ್ಮ ನಾಡಿಗೂ ಒಮ್ಮೆ ಎದುರಾಗಿತ್ತು. 1947ರಲ್ಲಿ ಜಮಖಂಡಿಯನ್ನು ಪಟವರ್ಧನರೂ ಮುಧೋಳವನ್ನು ಘೋರ್ಪಡೆಯವರೂ ಆಳುತ್ತಿದ್ದರು. ನೇಕಾರಿಕೆಗೆ ಹೆಸರಾದ ಅವಳಿ ಊರುಗಳಲ್ಲಿ ರಬಕವಿಯು ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದರೆ ಬನಹಟ್ಟಿಯು ಜಮಖಂಡಿಗೆ ಸೇರಿತ್ತು. ಬೀಳಗಿಯು ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಒಂದು ದಿನದ ನಡಿಗೆಯಲ್ಲಿ ಪ್ರಯಾಣಿಕನು ಹಲವು ಆಳ್ವಿಕೆಗಳನ್ನು ದಾಟುತ್ತಿದ್ದನು!

ಆ ವರ್ಷದ ಆಗಸ್ಟ್ 15ರಂದು ಬ್ರಿಟಿಷರ ಪರಮಾಧಿಕಾರವು ಕೊನೆಗೊಳ್ಳಲಿತ್ತು. ಅದರೊಡನೆ ಸಂಸ್ಥಾನಗಳ ಹಳೆಯ ಕರಾರುಗಳೂ ಕಡಿದುಹೋದರೆ ಅಂಚೆ, ತಂತಿ, ರೈಲು, ಸುಂಕ ಎಲ್ಲವೂ ಗೊಂದಲಕ್ಕೀಡಾಗುತ್ತಿದ್ದವು. ಸರದಾರ್ ವಲ್ಲಭಭಾಯಿ ಪಟೇಲರ ನೇತೃತ್ವದ ಸಂಸ್ಥಾನ ಖಾತೆಯು ಮುಂದಾಲೋಚನೆಯಿಂದ ಎರಡು ಪತ್ರಗಳನ್ನು ಸಿದ್ಧಪಡಿಸಿತು. ಸೇರ್ಪಡೆ ಪತ್ರದ ಮೂಲಕ ಸಂಸ್ಥಾನಗಳು ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ ಈ ಮೂರನ್ನು ಭಾರತಕ್ಕೆ ಒಪ್ಪಿಸಿದವು. ಹೊಸ ವ್ಯವಸ್ಥೆಯಾಗುವವರೆಗೆ ಹಳೆಯದೇ ನಡೆಯತಕ್ಕದ್ದೆಂದು ಯಥಾಸ್ಥಿತಿ ಒಪ್ಪಂದವು ವಿಧಿಸಿತು. ಅದರ ಅನುಬಂಧದಲ್ಲಿನ ವಿಷಯಗಳ ಪಟ್ಟಿಯಲ್ಲಿ ಮೊದಲನೆಯದೇ ವಾಯುಸಂಪರ್ಕ! ಹೀಗೆ ಅರಸರ ನಾಡುಗಳ ಮೇಲಣ ಬಾನಿನ ಹಾದಿಯೂ ತಡೆಯಿಲ್ಲದೆ ಉಳಿಯಿತು. 1948ರ ಮಾರ್ಚ್ 8ರಂದು ಜಮಖಂಡಿ, ಮುಧೋಳ, ಸಾಂಗಲಿಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ಈ ಕನ್ನಡ ಊರುಗಳು ಮೈಸೂರು ರಾಜ್ಯಕ್ಕೆ ಸೇರಿದವು. ವಿದೇಶಗಳೊಡನೆ ಆಗಿದ್ದ ಒಪ್ಪಂದಗಳ ಹಕ್ಕುಬಾಧ್ಯತೆಗಳು ಭಾರತ ಪಾಕಿಸ್ತಾನಗಳಿಗೆ ಹೇಗೆ ಸಲ್ಲಬೇಕೆಂಬುದನ್ನೂ 1947ರಲ್ಲಿಯೇ ಒಂದು ಆಜ್ಞೆಯ ಮೂಲಕ ಗೊತ್ತುಪಡಿಸಲಾಗಿತ್ತು.

ಅರ್ಧ ಶತಮಾನದ ಬಳಿಕ ಇದೇ ಸಮಸ್ಯೆ ಹಾಂಗ್‌ಕಾಂಗ್‌ನಲ್ಲಿ ತಲೆದೋರಿತು. ಅಲ್ಲಿಗೆ ಬರುವ ವಿಮಾನಗಳು ಬ್ರಿಟನ್ನು ಮಾಡಿಕೊಂಡ ಒಪ್ಪಂದಗಳನ್ನು ಅವಲಂಬಿಸಿದ್ದವು. 1997ರ ಜುಲೈ 1ರಂದು ಆ ನೆಲವು ಚೀನಾಕ್ಕೆ ಮರಳಲಿತ್ತು. ಅಂದು ವಿಮಾನಗಳು ನಿಂತರೆ ವ್ಯಾಪಾರವನ್ನೇ ನಂಬಿದ ಆ ಬಂದರಿನ ಜನರ ಪಾಡೇನು? 1984ರಲ್ಲಿ ಬ್ರಿಟನ್ ಚೀನಾಗಳು ಜಂಟಿ ಘೋಷಣೆಗೆ ಸಹಿ ಹಾಕಿದವು. ಅದರಂತೆ ಹಾಂಗ್‌ಕಾಂಗ್ ತನ್ನದೇ ಹೆಸರಿನಲ್ಲಿ ಬೇರೆ ದೇಶಗಳೊಡನೆ ಮಾತುಕತೆ ನಡೆಸಿತು. ಮೊದಲ ಒಪ್ಪಂದವು 1986ರಲ್ಲಿ ನೆದರ್ಲೆಂಡ್ಸ್ ದೇಶದೊಡನೆ ಆಯಿತು. ಅಧಿಕಾರವು ಕೈಬದಲಾಯಿಸಿದ ಮೇಲೂ ವಿಮಾನಗಳು ಹಾರಾಡುತ್ತಲೇ ಇದ್ದವು.

ಧ್ವಜವನ್ನು ಇಳಿಸಿ ಏರಿಸಲು ಒಂದು ಗಳಿಗೆ ಸಾಕು. ಆದರೆ ಆ ಗಳಿಗೆಯಲ್ಲಿ ಜನರ ಬಾಳು ಕಂಗೆಡದಂತೆ ಕಾಯಲು ಹಲವು ತಿಂಗಳ, ಕೆಲವೊಮ್ಮೆ ಹಲವು ವರ್ಷಗಳ ತಾಳ್ಮೆಯ ಮಾತುಕತೆ ಬೇಕು. ಆಳುವವರು ಬದಲಾದರೂ ಕೊಟ್ಟ ಮಾತು ಉಳಿಯುವಂತೆ ನೋಡಿಕೊಳ್ಳುವುದೇ ನಿಜವಾದ ರಾಜನೀತಿ.